ದಾದಾಪೀರನ ಬಂದೂಕಿನ ಗುರಿಮೊಳೆ

ದಾದಾಪೀರನ ಏರ್‌ಗನ್ನಿನ ತುದಿಯಲ್ಲಿ ಗುರಿ ನೋಡಲು ಇರುವ ಕಡಲೆಕಾಳಿನಷ್ಟು ಮೊಳೆಗೆ ಎಂಬತ್ತು ರೂಪಾಯಿ. ಅದನ್ನು ಹುಡುಕಿಕೊಂಡು ದಾವಣಗೆರೆಯಿಂದ ಹುಬ್ಬಳ್ಳಿಗೆ ಹೋಗಿಬರಲು ಬಸ್ಸಿಗೆ ನಾನೂರು. "ಈ ಮಾಡೆಲ್ ನಿಂತು ಹದಿನೈದು ವರ್ಷ ಆಯ್ತಲ್ಲ ಸಾಬ್ರೇ" ಎಂದು ಅಂಗಡಿಯವನು ಹೇಳಿ ಬರಿಗೈಲಿ ಕಳಿಸಿದ್ದು ಮಾತ್ರ ಪುಕ್ಕಟೆ.

ವಸ್ತುಪ್ರದರ್ಶನದಲ್ಲಿ ಅವನದು ಬಲೂನು ಹೊಡೆಯುವ ಅಂಗಡಿ. ಪಕ್ಕದಲ್ಲೇ ನನ್ನ ಮಿರ್ಚಿ ಅಂಗಡಿ. ಬಂದೂಕು ಬಿದ್ದು ಮೊಳೆ ಮುರಿದು ಎರಡು ದಿನವಾಗಿತ್ತು. ಇನ್ನೊಂದು ದಿನ ಮುಚ್ಚಿದರೆ ಜಾಗ ಗೋಬಿ ಮಂಚೂರಿಯವನಿಗೆ ಎಂದಿದ್ದ ಕಂಟ್ರಾಕ್ಟರ್. ಪಕ್ಕದಲ್ಲಿ ಗೋಬಿ ಬಂದರೆ ನನ್ನ ಮಿರ್ಚಿ ಯಾರು ತಿನ್ನುತ್ತಾರೆ? ಅದಕ್ಕೇ ನನ್ನ ಗಂಡನ ತಮ್ಮ ಹಾಲೇಶನಿಗೆ ಹೇಳಿಕಳಿಸಿದೆ. ಮಿಕ್ಸಿ ರಿಪೇರಿಗೆ ಕೊಟ್ಟರೆ ರೇಡಿಯೋ ಮಾಡಿ ಕೊಡುವ ಮನುಷ್ಯ! ಬೇರೆ ಗತಿ ಇರಲಿಲ್ಲ.

"ಮೊದ್ಲು ಹೆಂಗಿತ್ತೋ ಹಂಗೇ ಇರ್ಲಿ ಹಾಲೇಶಪ್ಪ" ಎಂದಿದ್ದ ದಾದಾಪೀರ.

ಮರುದಿನ ಸಂಜೆ ಹಾಲೇಶ ಮಿಣಮಿಣ ಮಿನುಗುವ ಮೊಳೆಯೊಂದನ್ನು ಕೂಡಿಸಿ ಎದೆಯುಬ್ಬಿಸಿದ. "ಮೊದ್ಲಿಂದು ಕೂದಲಷ್ಟು ಎಡಕ್ಕೆ ಸೊಟ್ಟ ಇತ್ತಣ್ಣ. ಸರಿ ಮಾಡಿದೀನಿ! ಇದು ಹೊಡೆಯೋರ ಮನಸ್ಸು ಓದಿ, ಗುಂಡನ್ನ ಅಲ್ಲಿಗೇ ತಿರುಗಿಸುತ್ತೆ!"

ದಾದಾಪೀರನ ಮುಖ ಬಿಳುಚಿತು. ಆ ಸೊಟ್ಟದಲ್ಲೇ ಅವನ ಇಪ್ಪತ್ತು ವರ್ಷದ ಅನ್ನವಿತ್ತು. ಗಿರಾಕಿಗಳೆದುರು ಹಾಗಂತ ಹೇಳುವುದು ಹೇಗೆ?

ಕನ್ನಡಕ ಮರೆತು ಬಂದಿದ್ದ ಅಜ್ಜಿಯೊಬ್ಬಳು ಹತ್ತಕ್ಕೆ ಹತ್ತು ಹೊಡೆದಳು. ಅವಳ ಬೀಗಿತ್ತಿ ಗಾಬರಿಯಲ್ಲಿ ಆಕಾಶಕ್ಕೆ ಹೊಡೆದಳು. ಗುಂಡು ಮೇಲೆ ಹೋಗಿ, ಒಂದು ಗಳಿಗೆ ಯೋಚನೆ ಮಾಡಿ, ಕೆಳಗಿಳಿದು ಬಲೂನು ಒಡೆಯಿತು! ಒಂದೇ ತಾಸಿನಲ್ಲಿ ಸ್ಟೀಲ್ ಲೋಟ, ಬಾಚಣಿಗೆ, ಗೋಡೆ ಗಡಿಯಾರ, ಎಲ್ಲ ಬಹುಮಾನವಾಗಿ ಹೋದವು.

"ಅಕ್ಕಾ, ನಿಮ್ಮ ಮೈದುನ ನನ್ನ ಅಂಗಡೀನ ಊರಿಗೇ ಹಂಚಿಬಿಟ್ಟ!"

"ಜನ ಖುಷಿಯಾಗಿದಾರಲ್ಲಣ್ಣ!" ಎಂದ ಹಾಲೇಶ.

"ಅವರ ಖುಷೀನ ಸಾರಿಗೆ ಹಾಕ್ಲಾ?"

ಹಾಲೇಶ ಮೊಳೆಯನ್ನು ಅರ್ಧ ಸುತ್ತು ತಿರುವಿದ. "ಈಗ ಹೊಡೆಯೋರ ಬೆನ್ನ ಹಿಂದೆ ನಿಂತೋರ ಮನಸ್ಸು ಓದುತ್ತೆ. ನೀನೇ ನಿಂತ್ಕೋ."

ದಾದಾಪೀರ ನಿಂತ. ಗುಂಡುಗಳು ಬಲೂನಿನ ತನಕ ಹೋಗಿ, ಹಿಂದಿರುಗಿ, ಗುಂಡಿನ ಡಬ್ಬಿಯೊಳಗೆ ಟಣ್ ಟಣ್ ಎಂದು ಬಿದ್ದವು! "ಮೋಸ! ಮೋಸ!" ಎಂದು ಜನ ಎದ್ದರು. ಗಲಾಟೆ ಕೇಳಿ ಕಂಟ್ರಾಕ್ಟರ್ ಬಂದ. ಅವನ ಬೆನ್ನಿಗೇ ಗೋಬಿಯವನ ತಳ್ಳುಗಾಡಿ.

"ಕೊಡಿಲ್ಲಿ, ನಾನೇ ನೋಡ್ತೀನಿ. ಬಲೂನು ಒಡೀಲಿಲ್ಲ ಅಂದ್ರೆ ಈಗ್ಲೇ ಗಂಟುಮೂಟೆ ಕಟ್ಟು!" ಎಂದ ಕಂಟ್ರಾಕ್ಟರ್.

ದಾದಾಪೀರ ಹೆದರಿ, ಹಿಂದಿನ ಜಾಗ ಬಿಟ್ಟು, ಅವನ ಪಕ್ಕಕ್ಕೆ ಬಂದು ಕೈಮುಗಿದ. ಏನಾಗುತ್ತೋ ನೋಡೋಣವೆಂದು ನಾನು ಜಾಲರಿ ಸೌಟು ಹಿಡಿದುಕೊಂಡೇ ಆ ಖಾಲಿ ಜಾಗದಲ್ಲಿ ನಿಂತೆ.

ಢಮ್! ಬಲೂನು ಒಡೆಯಿತು. ಗುಂಡು ಅಲ್ಲಿಗೇ ನಿಲ್ಲಲಿಲ್ಲ. ತಿರುಗಿ ಬಂದು ತಳ್ಳುಗಾಡಿಯ ಟೈರಿಗೆ ಹೊಕ್ಕಿತು. ಟುಸ್! ಆಮೇಲೆ ಇನ್ನೊಂದು, ಮತ್ತೊಂದು, ಕೊನೆಯದು! ನಾಲ್ಕೂ ಮುಗಿಸಿ, ನನ್ನ ಬಾಣಲೆಯನ್ನು ಜೋಪಾನವಾಗಿ ಬಳಸಿಕೊಂಡು, ಡಬ್ಬಿಗೆ ಮರಳಿತು.

ಹಾಲೇಶ ನನ್ನತ್ತ ನೋಡಿದ. "ಅತ್ತಿಗೆ..."

"ಸುಮ್ನಿರೋ. ಎಣ್ಣೆ ಕಾದಿದೆ."

ದಾದಾಪೀರ ಆ ರಾತ್ರಿಯೇ ಮೊಳೆ ಕಿತ್ತು, ಅಲ್ಲಿಗೆ ಬೆಂಕಿಕಡ್ಡಿಯ ತುಂಡು ಅಂಟಿಸಿದ, ಕೂದಲಷ್ಟು ಎಡಕ್ಕೆ. ಅವನ ಜಾಗ ಉಳಿಯಿತು, ನನ್ನ ವ್ಯಾಪಾರವೂ ಉಳಿಯಿತು. ನಾಲ್ಕು ಟೈರಿನ ದುಡ್ಡು ನಾನೇ ಕೊಟ್ಟೆ. ಯಾಕೆಂದು ಗೋಬಿಯವನು ಕೇಳಲಿಲ್ಲ, ನಾನೂ ಹೇಳಲಿಲ್ಲ.