ಮುಂಡರಗಿ ಹಿತ್ತಲಿನಲ್ಲಿ ನಾನು ಬಂಗಾರ ಹುಡುಕಿದ್ದು

ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಕರ್ನಾಟಕ ಇನ್ನೂ ಒಂದಾಗಿರಲಿಲ್ಲ. ಗದಗ-ಬೆಟಗೇರಿಯ ನಾವು ಮುಂಬೈ ಸರಕಾರದ ಪ್ರಜೆಗಳು. ಮೂಡಲ ಗಡಿಯ ಆಚೆಯವರು ಹೈದರಾಬಾದಿನವರು. ಆ ಕಾಲದಲ್ಲಿ ನಾನು ಬೆಟಗೇರಿಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಹಳೆಯ ನಾಣ್ಯ ಕೂಡಿಸುವುದು ನನ್ನ ಹುಚ್ಚು. ನೆಲದೊಳಗೆ ರಾಜಮಹಾರಾಜರು ಬಿಟ್ಟುಹೋದ ಬಂಗಾರ ನನ್ನ ಹಾದಿ ಕಾಯುತ್ತಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಒಂದು ದಿನ ಹುಬ್ಬಳ್ಳಿಯ ಹಳೇ ಸಾಮಾನಿನ ಬಜಾರದಲ್ಲಿ, ದಂಡಿನವರು ಮಾರಿಬಿಟ್ಟ ವಸ್ತುಗಳ ನಡುವೆ, ಒಂದು ಯಂತ್ರ ಕಂಡೆ. ಉದ್ದನೆಯ ಕೋಲು, ಅದರ ತುದಿಗೆ ರೊಟ್ಟಿ ಹಂಚಿನಂಥ ತಟ್ಟೆ, ಬೆನ್ನಿಗೆ ಕಟ್ಟಿಕೊಳ್ಳಲು ಬ್ಯಾಟರಿಯ ಪೆಟ್ಟಿಗೆ, ಕಿವಿಗೆ ಹಾಕಿಕೊಳ್ಳಲು ಎರಡು ಬಿಲ್ಲೆ. ಯುದ್ಧದಲ್ಲಿ ನೆಲದೊಳಗೆ ಹುಗಿದಿಟ್ಟ ಸಿಡಿಮದ್ದನ್ನು ಇದರಿಂದಲೇ ಹುಡುಕುತ್ತಿದ್ದರಂತೆ.

"ಇದು ಬಂಗಾರ ಹುಡುಕತೈತೇನು?" ಎಂದು ಕೇಳಿದೆ.

"ಸಾಹೇಬ್ರ, ಮದ್ದು ಹುಡುಕಿದ್ದು ಬಂಗಾರ ಬಿಟ್ಟೀತೇನ್ರಿ?" ಎಂದ ಅಂಗಡಿಯವನು.

ಈ ತರ್ಕದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಕೊಂಡುಬಿಟ್ಟೆ!

ಮನೆ ಬಾಗಿಲಲ್ಲೇ ನನ್ನ ಹೆಂಡತಿ ಶಾಂತವ್ವ ಯಂತ್ರವನ್ನು ತಡೆದು ನಿಲ್ಲಿಸಿದಳು. "ಏನ್ರೀ ಇದು? ನಮ್ಮ ಮನ್ಯಾಗ ರೊಟ್ಟಿ ಹಂಚು ಇರಲಿಲ್ಲೇನು?"

ಉತ್ತರವನ್ನು ನೆಲವೇ ಕೊಡಲಿದೆ ಎಂದುಕೊಂಡೆ.

ಮುಂದಿನ ಭಾನುವಾರ ಕಳಸಾಪುರದಲ್ಲಿ ಗೆಳೆಯನೊಬ್ಬನ ಬೀಳು ಹೊಲಕ್ಕೆ ಹೋದೆವು. ಶಾಂತವ್ವ ಬುತ್ತಿ ಹಿಡಿದು ಬೇವಿನ ಗಿಡದ ನೆರಳಲ್ಲಿ ಕುಳಿತಳು. ನಾನು ಕಿವಿಗೆ ಬಿಲ್ಲೆ ಹಾಕಿಕೊಂಡು ಮೊದಲ ಹೆಜ್ಜೆ ಇಟ್ಟೆ. ಯಂತ್ರ ಕುಂಯ್ ಎಂದಿತು. ಅಗೆದೆ, ಎತ್ತಿನ ಲಾಳ ಸಿಕ್ಕಿತು. ಎರಡನೆಯ ಹೆಜ್ಜೆ, ಮತ್ತೆ ಕುಂಯ್! ಅಗೆದೆ, ಏನೂ ಇಲ್ಲ. ಮೂರನೆಯದು, ನಾಲ್ಕನೆಯದು, ಹೆಜ್ಜೆ ಹೆಜ್ಜೆಗೂ ನಿಧಿ! ಮಧ್ಯಾಹ್ನದ ಹೊತ್ತಿಗೆ ಹೊಲದ ತುಂಬ ಗುಂಡಿಗಳಾದವು. ನನ್ನ ಅಂಗೈ ತುಂಬ ಬೊಬ್ಬೆಗಳೆದ್ದವು.

ಶಾಂತವ್ವ ಕೂತಲ್ಲಿಂದಲೇ ಕೂಗಿದಳು. "ಅದು ನೀವು ಹ್ವಾದಲ್ಲೆಲ್ಲಾ ಒದರತೈತಿ. ಒಂದೀಟು ಚಪ್ಲಿ ಬಿಚ್ಚಿ ನೋಡ್ರಿ."

ಬಿಚ್ಚಿದೆ. ಯಂತ್ರ ಸುಮ್ಮನಾಯಿತು. ಹಿಂದಿನ ವಾರವಷ್ಟೇ ಚಪ್ಪಲಿಗೆ ಹೊಸ ಮೊಳೆ ಹೊಡೆಸಿದ್ದೆ. ಅರ್ಧ ದಿನ ನಾನು ನನ್ನ ಚಪ್ಪಲಿಯನ್ನೇ ಹುಡುಕುತ್ತಿದ್ದೆ!

"ಇರಲಿ ಬಿಡ್ರಿ, ಲಾಳ ಸಿಕ್ಕೈತಿ. ಎತ್ತು ಯಾವಾಗ ಅಗದು ತಗೀತೀರಿ?" ಎಂದು ಆಕೆ ರೊಟ್ಟಿ ಬಿಚ್ಚಿದಳು.

ಬುದ್ಧಿಯಿದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಆದರೆ ಈ ಸುದ್ದಿ ಮುಂಡರಗಿ ಮುಟ್ಟುವ ಹೊತ್ತಿಗೆ ಪೂರ್ತಿ ತಿರುವುಮುರುವಾಗಿ, "ಈರಣ್ಣ ಮಾಸ್ತರ ನೆಲದಾಗಿನ ಬಂಗಾರ ತಗೀತಾನಂತ" ಎಂದಾಗಿತ್ತು. ಅದನ್ನು ಕೇಳಿ ನಮ್ಮ ನೀಲವ್ವ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಬಸ್ಸು ಹತ್ತಿ ನೇರವಾಗಿ ನಮ್ಮ ಮನೆಗೆ ಬಂದಳು.

ಆಕೆಯ ಕಷ್ಟ ನಗುವಂಥದ್ದಾಗಿರಲಿಲ್ಲ. ಗಡಿಯಾಚೆ ಹೈದರಾಬಾದ್ ಸಂಸ್ಥಾನದಲ್ಲಿ ಗಲಾಟೆ ಎದ್ದ ವರ್ಷ ಜನ ಗುಂಪುಗುಂಪಾಗಿ ಗಡಿ ದಾಟಿ ಮುಂಡರಗಿಗೆ ಬಂದಿದ್ದರು. ಗಲಾಟೆ ಈಚೆಗೂ ಬಂದೀತೆಂಬ ಭಯ ಊರಿನಲ್ಲಿತ್ತು. ಆಗ ಚಿಗವ್ವನ ಗಂಡ, ನಮ್ಮ ಕಾಕಾ, ಆಕೆಯ ತವರಿನ ಬಂಗಾರವನ್ನೆಲ್ಲ ಒಂದು ಡಬ್ಬಿಯಲ್ಲಿ ತುಂಬಿ ಒಯ್ದನಂತೆ. "ಹಿತ್ತಲದಾಗ ಹುಗದೇನಿ. ಎಲ್ಲಿ ಅಂತ ಹೇಳಂಗಿಲ್ಲ, ನಿನ್ನ ಬಾಯಾಗ ಮಾತು ನಿಲ್ಲಂಗಿಲ್ಲ" ಎಂದನಂತೆ. ಆಮೇಲೆ ಜ್ವರ ಬಂದು ಕಾಕಾ ತೀರಿಕೊಂಡ. ಡಬ್ಬಿಯ ಜಾಗ ಅವನೊಂದಿಗೇ ಹೋಯಿತು. ಈಗ ಮಗಳು ಕಸ್ತೂರಿಗೆ ಶಿರಹಟ್ಟಿಯ ಸಂಬಂಧ ಕೂಡಿಬಂದಿತ್ತು. ಮದುವೆಗೆ ಒಂದು ತಿಂಗಳಿತ್ತು.

"ಇದ್ದೊಬ್ಬ ಮಗಳನ್ನ ಬರಿ ಕೊರಳಿಲೆ ಹೆಂಗ ಕಳಸಲೋ ಈರಣ್ಣಾ?" ಎಂದು ಚಿಗವ್ವ ನನ್ನ ಕೈ ಹಿಡಿದುಕೊಂಡಳು.

"ನೀ ಅಳಬ್ಯಾಡ ಚಿಗವ್ವಾ. ಅರ್ಧ ತಾಸಿನ ಕೆಲಸ!" ಎಂದೆ.

ಆ ಅರ್ಧ ತಾಸು ಒಂಬತ್ತು ದಿನ ನಡೆಯಿತು.

ಬೇಸಿಗೆ ರಜೆ. ಮುಂಡರಗಿಯ ಬಿಸಿಲು. ಈ ಸಲ ಜಾಣನಾಗಿ ಚಪ್ಪಲಿ ಬಿಟ್ಟೇ ಹಿತ್ತಲಿಗಿಳಿದೆ. ಅಂಗಾಲು ಸುಟ್ಟು ಕುಣಿಯತೊಡಗಿದೆ. ಆ ಕುಣಿತಕ್ಕೆ ಸರಿಯಾಗಿ ಯಂತ್ರವೂ ಒದರತೊಡಗಿತು. ಹಿತ್ತಲಿನ ಈ ಮೂಲೆಯಿಂದ ಆ ಮೂಲೆಯವರೆಗೆ ಅದು ಒಂದು ಗೇಣು ಜಾಗದಲ್ಲೂ ಬಾಯಿ ಮುಚ್ಚಲಿಲ್ಲ. ಪ್ರತಿ ಸಲ ನಾನು "ಸಿಕ್ತು!" ಎಂದು ಕೂಗಿದಾಗಲೂ ಚಿಗವ್ವ ಒಲೆಯ ಮುಂದಿನಿಂದ ಹಿಟ್ಟಿನ ಕೈಯಲ್ಲೇ ಓಡಿಬಂದು ಗುಂಡಿಯಲ್ಲಿ ಬಗ್ಗಿ ನೋಡುತ್ತಿದ್ದಳು. ಮೊಳೆ ಇರುತ್ತಿತ್ತು. ಸುಮ್ಮನೆ ಒಳಗೆ ಹೋಗುತ್ತಿದ್ದಳು. ಮತ್ತೆ ಕೂಗುತ್ತಿದ್ದೆ. ಮತ್ತೆ ಓಡಿಬರುತ್ತಿದ್ದಳು. ಕಬ್ಬಿಣದ ಚೂರು!

ಮೂರನೆಯ ದಿನ ಕರಿಬೇವಿನ ಗಿಡ ಬುಡಸಮೇತ ಹೋಯಿತು. ಬಚ್ಚಲಿನ ಮೋರಿ ಒಡೆದು ಮನೆಯ ನೀರೆಲ್ಲ ನನ್ನ ಗುಂಡಿಗಳಲ್ಲಿ ನಿಂತಿತು. ನಾನು ಕಿವಿಯ ಬಿಲ್ಲೆ ತೆಗೆದು ನೀರು ಬಳಿಯುವಾಗ ಪಕ್ಕದ ಮನೆಯ ಇಮಾಮಸಾಬರು ಗೋಡೆಯ ಮೇಲಿಂದ ತಲೆ ಎತ್ತಿದರು. ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ ಅವರದು; ಓಣಿಯಲ್ಲೇ ಹಿರಿಯರು.

"ಮಾಸ್ತರ, ನಾ ಸಣ್ಣಾಂವ ಇದ್ದಾಗ ಈ ಜಾಗಾದಾಗ ಕಮ್ಮಾರಸಾಲಿ ಇತ್ತು. ಮೂರು ತಲಿಮಾರಿನಿಂದ ಇಲ್ಲೇ ಕಬ್ಬಣ ಬಡದಾರ. ನೆಲದಾಗ ಮಣ್ಣಿಗಿಂತ ಮೊಳಿನಽ ಭಾಳ ಅದಾವು."

ಗುದ್ದಲಿ ಕೆಳಗಿಟ್ಟು ಅವರತ್ತ ತಿರುಗಿದೆ. "ಸಾಬರ, ಇದನ್ನ ಮೊದಲಽ ಹೇಳಬಾರದಾಗಿತ್ತೇನ್ರಿ?"

"ಮೂರು ದಿನದಿಂದ ಒದರಾಕ ಹತ್ತೇನ್ರಿ. ನೀವು ಕಿವಿಗೆ ಬಿಲ್ಲಿ ಹಾಕ್ಕೊಂಡಿದ್ರಿ!"

ಐದನೆಯ ದಿನ ಗೋಡೆಯ ಬುಡದಲ್ಲಿ ಯಂತ್ರ ಬಹಳ ಗಟ್ಟಿಯಾಗಿ ಕೂಗಿತು. ಈ ಸಲ ತಪ್ಪುವುದೇ ಇಲ್ಲ ಎಂದು ಬುಡದವರೆಗೂ ಅಗೆದೆ. ಕೊನೆಗೊಂದು ನೇಗಿಲ ಕುಳ ಬಂತು. ಅದರ ಹಿಂದೆಯೇ ಗೋಡೆ ಬಂತು! ಧೂಳು ಇಳಿದಾಗ ಇಮಾಮಸಾಬರು ತಮ್ಮ ಅಂಗಳದಲ್ಲಿ ಚಹಾದ ಬಟ್ಟಲು ಹಿಡಿದು ಕೂತದ್ದು ಇಡಿಯಾಗಿ ಕಾಣಿಸಿತು. ಅವರ ಎರಡು ಆಡುಗಳು ಚಿಗವ್ವನ ಅಡುಗೆಮನೆಯ ಕಡೆ ನಡೆದಿದ್ದವು.

"ಇರಲಿ ಬಿಡ್ರಿ. ನಿಮಗ ಚಾ ಕೊಡಾಕ ದಾರಿ ಹತ್ರ ಆತು" ಎಂದು ಅವರು ಬಟ್ಟಲು ಮುಂದೆ ಚಾಚಿದರು. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು.

ನಿಧಿಯ ಸುದ್ದಿ ಊರೆಲ್ಲ ಹಬ್ಬಿತು. ಆರನೆಯ ದಿನ ಊರಿನ ಜಮೀನಿನ ಲೆಕ್ಕಪತ್ರ ನೋಡುವ ತಲಾಠಿ ಸಾಹೇಬರು ದಫ್ತರದ ಸಮೇತ ಬಂದರು. ನೆಲದಲ್ಲಿ ಸಿಕ್ಕದ್ದು ಸರಕಾರಕ್ಕೆ ತಿಳಿಯಬೇಕಂತೆ. ಎಲ್ಲವನ್ನೂ ಚಾಪೆಯ ಮೇಲೆ ಹರವಿಸಿ, ಶುದ್ಧ ಸರಕಾರಿ ಭಾಷೆಯಲ್ಲಿ ಬರೆದುಕೊಂಡರು: "ಸದರಿ ಹಿತ್ತಲಿನಲ್ಲಿ ದೊರೆತ ವಸ್ತುಗಳು. ತುಕ್ಕು ಹಿಡಿದ ಮೊಳೆಗಳು, ಒಂದು ಗುಡ್ಡೆ. ಲಾಳಗಳು, ಒಂದು ಬುಟ್ಟಿ. ಮುರುಕು ಕುಡಗೋಲು, ಎರಡು. ಬೀಗವಿಲ್ಲದ ಕೀಲಿಕೈ, ಒಂದು. ನಿಧಿ, ಇಲ್ಲ." ಪೆನ್ನು ಮುಚ್ಚುವ ಮುನ್ನ ನನ್ನ ಮುಖ ನೋಡಿ ಇನ್ನೊಂದು ಸಾಲು ಸೇರಿಸಿದರು: "ಶೋಧಕರ ಸ್ಥಿತಿ ಶೋಚನೀಯ."

ಏಳನೆಯ ದಿನದಿಂದ ನಾನು ಕೂಗಿದರೂ ಚಿಗವ್ವ ಓಡಿಬರಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಒಳಗೆ ಹೋಗುತ್ತಿದ್ದಳು. ಅದನ್ನು ತಾಳಿಕೊಳ್ಳುವುದಕ್ಕಿಂತ ಬಿಸಿಲು ಲೇಸಾಗಿತ್ತು. ಬೆಳಗ್ಗೆ ಏಳುವುದಕ್ಕೇ ಮನಸ್ಸಾಗುತ್ತಿರಲಿಲ್ಲ. ಅಗೆಯಲು ಇನ್ನು ಉಳಿದದ್ದು ಅಡುಗೆಮನೆ ಒಂದೇ. ಒಂಬತ್ತನೆಯ ದಿನ ಮಧ್ಯಾಹ್ನ, ನಾಳೆ ಒಲೆ ಒಡೆಯುತ್ತೇನೆ ಎಂದು ಸಾರಿದೆ. ಚಿಗವ್ವ ಕೊಡ ಹಿಡಿದು ನೀರಿಗೆ ಹೋದಳು.

ಆಕೆ ಅತ್ತ ಹೋದದ್ದೇ ಕಸ್ತೂರಿ ಬಂದು ನನ್ನ ಎದುರು ನಿಂತಳು. "ಅಣ್ಣಾ, ಸಾಕು ಮಾಡು. ಇಲ್ಲಿ ಏನೂ ಇಲ್ಲ."

"ನಿಮ್ಮಪ್ಪ ಹುಗದಾನಲ್ಲವಾ?"

"ಹುಗದಽ ಇಲ್ಲ. ಗಡಿ ದಾಟಿ ಬಂದ ಮಂದಿ ಓಣಿ ತುಂಬ ಇದ್ರು. ಸಣ್ಣ ಸಣ್ಣ ಕೂಸು ಕಟಗೊಂಡು ಉಪಾಸ ಇದ್ರು. ಅಪ್ಪ ದಿನಾ ಅವರಿಗೆ ಜ್ವಾಳ ತರತಿದ್ದ. ಎಲ್ಲಿಂದ ತರತೀ ಅಂತ ಯಾರೂ ಕೇಳಲಿಲ್ಲ. ಡಬ್ಬಿ ಒಯ್ದು ಮಾರಿದ್ದ. ಸಾಯೂ ಮುಂದ ನನಗ ಒಬ್ಬಾಕಿಗೆ ಹೇಳಿದ. ಅವ್ವಗ ಹೇಳಬ್ಯಾಡ, ತವರಮನಿ ಬಂಗಾರ, ಎದಿ ಒಡಕೊಂತಾಳ ಅಂದ."

ನಾನು ಗುದ್ದಲಿಯ ಮೇಲೆಯೇ ಕುಳಿತೆ. ಕಾಕಾ ನಮಗೆಲ್ಲ ಮಾತಿಲ್ಲದ ಜಿಪುಣನಾಗಿ ಕಂಡಿದ್ದ. ಆ ವರ್ಷ ನಾನೂ ಎರಡು ಸಲ ಆ ಮನೆಯಲ್ಲಿ ಉಂಡು ಹೋಗಿದ್ದೆ. ಇಷ್ಟೊಂದು ಜೋಳ ಎಲ್ಲಿಯದು ಎಂದು ಇತಿಹಾಸದ ಮಾಸ್ತರನಾದ ನನಗೂ ಹೊಳೆದಿರಲಿಲ್ಲ.

"ಇದನ್ನ ಮೊದಲ ದಿನಾನಽ ಹೇಳಬಾರದಾಗಿತ್ತೇನ ತಂಗೀ?"

"ನೀ ಒಂದು ದಿನಾ ಅಗದು ಬಿಟ್ಟು ಹೊಕ್ಕೀ ಅಂತ ಮಾಡಿದ್ದೆ. ಕಳಸಾಪುರದ ಖರೇ ಸುದ್ದಿ ಶಾಂತವ್ವ ಅತ್ತಿಗಿ ಪತ್ರದಾಗ ಬರದಿದ್ಲು. ನಿನಗ ಸಿಗಂಗಿಲ್ಲ ಅಂತ ನಿನ್ನ ಮ್ಯಾಲ ಭಾಳ ಭರೋಸಾ ಇಟ್ಟಿದ್ದೆ ಅಣ್ಣಾ" ಎಂದು ಕಸ್ತೂರಿ ಅತ್ತುಬಿಟ್ಟಳು.

ಈಗ ಏನು ಮಾಡಬೇಕು? ಬಂಗಾರ ಇಲ್ಲವೆಂದರೆ ಎಲ್ಲಿ ಹೋಯಿತೆಂದು ಚಿಗವ್ವ ಕೇಳುತ್ತಾಳೆ. ಇದೆಯೆಂದರೆ ಒಲೆ ಒಡೆಯಬೇಕು. ಯಂತ್ರ ಕೆಟ್ಟಿದೆಯೆಂದರೆ ರಿಪೇರಿ ಮಾಡಿಸಿ ಮತ್ತೆ ಅಗೆ ಎನ್ನುತ್ತಾಳೆ. ಉಳಿದದ್ದು ಒಂದೇ ದಾರಿ. ಬಂಗಾರವೂ ಇರಬೇಕು, ಯಂತ್ರವೂ ಚೆನ್ನಾಗಿರಬೇಕು, ನಾನು ಮಾತ್ರ ದಡ್ಡನಾಗಬೇಕು! ಅದನ್ನು ನಂಬಿಸುವುದು ಸುಲಭವಲ್ಲ ಎಂದು, ಇಳಿಹೊತ್ತಿನವರೆಗೆ ಕೂತು ಕಾರಣ, ಪುರಾವೆ, ಉದಾಹರಣೆಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಸಂಜೆ ಶಾಂತವ್ವ ಬೆಟಗೇರಿಯಿಂದ ಬಂದಳು. ಇಮಾಮಸಾಬರು ಗೋಡೆ ಇದ್ದ ಜಾಗದಲ್ಲಿ ಕೂತಿದ್ದರು. ಎಲ್ಲರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ.

"ಚಿಗವ್ವಾ, ಬಂಗಾರ ಇಲ್ಲೇ ಐತಿ. ಯಂತ್ರನೂ ಚಲೋ ಐತಿ. ಆದ್ರ ನನಗಽ ಅದನ್ನ ನಡಸಾಕ ಬರಂಗಿಲ್ಲ."

ಯಾಕೆ, ಹೇಗೆ ಎಂದು ಯಾರಾದರೂ ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ. ಇಮಾಮಸಾಬರು ತಲೆಯಾಡಿಸಿದರು. ಶಾಂತವ್ವ ಆಗಲೇ ಯಂತ್ರವನ್ನು ಗೋಣಿಚೀಲಕ್ಕೆ ತುರುಕುತ್ತಿದ್ದಳು. ಚಿಗವ್ವ ಹತ್ತಿರ ಬಂದು ನನ್ನ ತಲೆಯ ಮೇಲಿನ ಮಣ್ಣು ಕೊಡವಿದಳು.

"ಅದು ನನಗ ಎರಡನೇ ದಿನಾನಽ ಗೊತ್ತಾಗಿತ್ತಪಾ. ನಿನಗ ಬ್ಯಾಸರ ಆಗಬಾರದಂತ ಸುಮ್ನಿದ್ದೆ. ಇರಲಿ, ಭೂಮಿತಾಯಿ ಹತ್ರ ಐತಲ್ಲ, ಎಲ್ಲಿ ಹೊಕ್ಕೈತಿ?"

ಜೋಡಿಸಿಕೊಂಡಿದ್ದ ಪುರಾವೆಗಳೆಲ್ಲ ವ್ಯರ್ಥವಾದವು!

ನಿಜ ಸಂಗತಿಯನ್ನು ಶಾಂತವ್ವನೊಬ್ಬಳಿಗೆ ಹೇಳಿದೆ. ಚಿಗವ್ವ ಈಗ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಶಾಂತವ್ವ ಆ ದಿನ ನನ್ನನ್ನು ಬೈಯಲೂ ಇಲ್ಲ. ಮದುವೆಯ ದಿನ ತನ್ನ ಬಂಗಾರದ ಬೋರಮಾಳ ಸರ ಬಿಚ್ಚಿ ಕಸ್ತೂರಿಯ ಕೊರಳಿಗೆ ಹಾಕಿದಳು. ಚಿಗವ್ವ ಬೇಡವೆಂದಾಗ, "ನಿಮ್ಮ ಡಬ್ಬಿ ಸಿಕ್ಕ ದಿನಾ ತಿರುಗಿ ಕೊಡ್ರಿ, ಅವಸರಿಲ್ಲ" ಎಂದಳು.

ಶಿರಹಟ್ಟಿಯಲ್ಲಿ ಊಟಕ್ಕೆ ಕೂತಾಗ ಬೀಗರ ಕಡೆಯ ಹಿರಿಯರೊಬ್ಬರು ಪಂಕ್ತಿಯುದ್ದಕ್ಕೂ ಹುಡುಕಿಕೊಂಡು ನನ್ನ ಹತ್ತಿರ ಬಂದರು.

"ಹಿತ್ತಲಾ ಪೂರಾ ಅಗದು, ಬಂಗಾರ ಅಲ್ಲೇ ಬಿಟ್ಟು ಬಂದ ಮಾಸ್ತರ ನೀವಽ ಏನ್ರಿ?"

"ಹೌದ್ರಿ, ನಾನಽ" ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಬಡಿಸುವವನನ್ನು ಕರೆದು, "ಪಾಪ, ಇವರಿಗೆ ಇನ್ನೊಂದು ಹೋಳಿಗಿ ಹಾಕಪಾ" ಎಂದರು.

ತಲೆ ತಗ್ಗಿಸಿಕೊಂಡು ತಿಂದೆ. ಅವನು ಮತ್ತೆ ಬಂದಾಗ, ಬೇಡವೆನ್ನದೆ ಇನ್ನೊಂದನ್ನೂ ಹಾಕಿಸಿಕೊಂಡೆ!