ಮಾವನ ತಲೆಗೆ ತಂತಿ

ನನ್ನ ಸೋದರಮಾವನಿಗೆ ಕಿವಿ ಕೇಳಿಸುವುದಿಲ್ಲ ಎಂದರೆ ಸುಳ್ಳು. ಕೇಳಿಸುತ್ತದೆ ಎಂದರೆ ಅದಕ್ಕಿಂತ ದೊಡ್ಡ ಸುಳ್ಳು! ನಾವು ಆಡಿದ್ದೊಂದನ್ನು ಬಿಟ್ಟು ಅವನಿಗೆ ಬೇರೆಲ್ಲ ಕೇಳಿಸುತ್ತದೆ ಎಂಬುದು ನಮ್ಮ ಕುಟುಂಬದ ಒಮ್ಮತದ ಅಭಿಪ್ರಾಯವಾಗಿತ್ತು.

ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ನಲವತ್ತು ವರ್ಷ ಲೇತ್ ಯಂತ್ರದ ಮುಂದೆ ಕೂತು ಮರ ಕಡೆದವನು ಮಾವ. ಆ ಸದ್ದಿನ ಪಕ್ಕ ಅಷ್ಟು ಕಾಲ ಕೂತವನ ಕಿವಿ ಏನಾಗಿರಬೇಕು ಎಂದು ನಾವ್ಯಾರೂ ಯೋಚಿಸಿರಲಿಲ್ಲ. ಯೋಚಿಸಲು ಅವನು ಪುರುಸೊತ್ತು ಕೊಟ್ಟರೆ ತಾನೆ? ಏನೇ ಹೇಳಿದರೂ ಥಟ್ಟನೆ ಉತ್ತರ ಸಿದ್ಧ.

ಒಮ್ಮೆ, "ಮಾವ, ಮಳೆ ಬರೋ ಹಂಗೈತೆ" ಎಂದೆ.

"ಬಳೆಯಾ? ಯಾವ ಬಣ್ಣದ್ದು ಬೇಕವ್ವ?" ಎಂದ.

ಆ ವಾರ ಮಳೆಯೇನೂ ಬರಲಿಲ್ಲ. ಅರಗಿನ ಬಣ್ಣ ಹಚ್ಚಿದ ಒಂದು ಡಜನ್ ಮರದ ಬಳೆ ಬಂತು!

ನನ್ನನ್ನು ನೋಡಲು ಮಾಗಡಿಯಿಂದ ಗಂಡಿನವರು ಬಂದ ದಿನದ ಕತೆ ಇನ್ನೂ ಚೆನ್ನ. ಮನೆ ತುಂಬ ಜನ, ಅಡುಗೆಮನೆಯಲ್ಲಿ ಮಿಕ್ಸಿ, ಮೂಲೆಯಲ್ಲಿ ಟಿ.ವಿ. ಗಂಡಿನ ತಂದೆ ಮಾವನ ಕಡೆ ತಿರುಗಿ ಗಂಭೀರವಾಗಿ, "ಹುಡುಗಿ ಚೆನ್ನಾಗಿ ಓದ್ತಾಳಾ?" ಎಂದರು.

"ಚಿಕ್ಕೋಳಿದ್ದಾಗ ಸಿಕ್ಕಾಪಟ್ಟೆ ಒದೀತಿದ್ಲು ಸ್ವಾಮಿ. ಈಗ ಒಸಿ ಕಮ್ಮಿಯಾಗೈತೆ!"

ಮೊದಲು ನಕ್ಕಿದ್ದು ಹುಡುಗ. ಮದುವೆ ಕುದುರಿತು. ಆದರೂ ನಾನು ಸಿಟ್ಟಾದಾಗ ನನ್ನ ಗಂಡ ಇವತ್ತಿಗೂ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡೇ ಕೂರುವುದು!

ಈಚೆಗೆ ಮಾವನ ರೀತಿ ಬದಲಾಯಿತು. ಮನೆಗೆ ನಾಲ್ಕು ಜನ ಬಂದರೆ ಸಾಕು, ಎದ್ದು ಹಿತ್ತಲಿಗೆ ಹೋಗಿ ಒಬ್ಬನೇ ಕೂರುತ್ತಿದ್ದ. ಮಾವನ ಹೆಂಡತಿ, ನಮ್ಮತ್ತೆ, ಹೆದರಿದಳು. "ಅರುಳುಮರುಳು ಏನಾರ ಸುರುವಾಯ್ತಾ ನೋಡವ್ವ" ಎಂದು ನನಗೆ ಫೋನು ಮಾಡಿ ಅತ್ತಳು.

ಮೊದಲು ಊರಿನ ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆ. ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಬಟನ್ ಕೊಟ್ಟು, "ಸದ್ದು ಕೇಳಿಸಿದಾಗೆಲ್ಲ ಒತ್ತಿ" ಎಂದರು. ಮಾವ ಒತ್ತಿದ, ಒತ್ತಿದ, ಒತ್ತುತ್ತಲೇ ಇದ್ದ. ಡಾಕ್ಟರು ಮೆಲ್ಲಗೆ ನನ್ನ ಕಡೆ ಬಗ್ಗಿ, "ನಾನಿನ್ನೂ ಮೆಷಿನ್ ಆನ್ ಮಾಡಿಲ್ಲಮ್ಮ" ಎಂದರು!

"ಫೇಲಾಗ್ಬಾರ್ದಲ್ವಾ ಮಗಾ?" ಎಂದು ಮಾವ ಹೊರಗೆ ಬಂದು ನನ್ನನ್ನೇ ಕೇಳಿದ.

ಹೀಗಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಯ ಪರೀಕ್ಷೆಯಲ್ಲಿ ರೋಗಿ ಉತ್ತರವನ್ನೇ ಕೊಡಬೇಕಿಲ್ಲ. ಸುಮ್ಮನೆ ಕೂತು ಕತೆ ಕೇಳಿದರಾಯಿತು. ಮಾತಿನ ಏರಿಳಿತಕ್ಕೆ ಮಿದುಳು ಹೇಗೆ ಸ್ಪಂದಿಸುತ್ತದೆ ಎಂಬುದನ್ನು ತಲೆಗೆ ಅಂಟಿಸಿದ ತಂತಿಗಳೇ ಅಳೆದು ಹೇಳುತ್ತವೆ. ಪರೀಕ್ಷೆ ಮಾಡುವ ಹುಡುಗಿ ತಂತಿ ಅಂಟಿಸುತ್ತಿದ್ದಂತೆ ಮಾವ ಬೆವರಿದ.

"ತಲೇಲಿರೋದೆಲ್ಲಾ ಕಂಪ್ಯೂಟ್ರಲ್ಲಿ ಕಾಣ್ತದಾ ತಾಯಿ?"

"ಇಲ್ಲ ತಾತ, ಮಾತು ತಲುಪಿತಾ ಇಲ್ವಾ ಅಷ್ಟೇ ಗೊತ್ತಾಗೋದು."

"ಬದುಕ್ದೆ! ಆದ್ರೂ ನಮ್ ಮನೆಯೋಳ್ಗೆ ಹೇಳ್ಬೇಡಿ" ಎಂದು ಕಣ್ಣು ಮುಚ್ಚಿದ.

ಮೊದಲು ನಿಶ್ಶಬ್ದದಲ್ಲಿ ಒಂದು ಕತೆ ಕೇಳಿಸಿದರು. ಆಮೇಲೆ ಅದೇ ದನಿಯ ಹಿಂದೆ ಹತ್ತಾರು ಜನ ಮಾತಾಡುವ ಗದ್ದಲ ಬೆರೆಸಿದರು. ಮುಗಿದ ಮೇಲೆ ಹುಡುಗಿ ಪರದೆಯ ಮೇಲಿನ ಎರಡು ಗೆರೆಗಳನ್ನು ತೋರಿಸಿದಳು. ನಿಶ್ಶಬ್ದದಲ್ಲಿ ಮಾವನ ಮಿದುಳು ಮಾತಿನ ಬೆನ್ನು ಹತ್ತಿ ಚೆನ್ನಾಗಿಯೇ ನಡೆದಿತ್ತು. ಗದ್ದಲ ಸೇರಿದ್ದೇ ತಡ, ದಾರಿ ತಪ್ಪಿತ್ತು.

"ಬುದ್ಧಿಗೇನೂ ಆಗಿಲ್ಲ. ಕಿವಿಗೆ ಸದ್ದು ಬೀಳುತ್ತೆ. ಆದರೆ ಗಲಾಟೇಲಿ ಮಾತು ಬಿಡಿಸಿಕೊಳ್ಳೋಕಾಗ್ತಿಲ್ಲ" ಎಂದಳು. ಮತ್ತೆ ಮಾವನ ಎದುರಿಗೇ ಕೂತು ನಿಧಾನವಾಗಿ, "ಇಷ್ಟು ವರ್ಷ ಹೇಗೆ ನಿಭಾಯಿಸಿದ್ರಿ ತಾತ?" ಎಂದು ಕೇಳಿದಳು.

ಮಾವ ಒಂದು ಮಾತೂ ತಪ್ಪು ಕೇಳಿಸಿಕೊಳ್ಳಲಿಲ್ಲ. ಕೈಯಲ್ಲಿದ್ದ ಟವೆಲನ್ನು ಮಡಿಸುತ್ತ ಹೇಳಿದ:

"ಏನಂದೆ, ಏನಂದೆ ಅಂತ ಕೇಳ್ತಿದ್ರೆ ಜನಕ್ಕೆ ಬ್ಯಾಸರ ಕಣವ್ವ. ಏನೂ ಇಲ್ಲ ಬುಡು ಅಂತ ಎದ್ದೋಯ್ತಾರೆ. ತಪ್ಪೇಳಿದ್ರೆ ನಗ್ತಾರೆ. ನಗ್ತಾ ಇನ್ನೊಂದು ಗಳಿಗೆ ಪಕ್ದಲ್ಲಿ ಕೂತಿರ್ತಾರೆ. ಈಚೀಚೆಗೆ ನಗೋರೂ ಕಮ್ಮಿಯಾದ್ರು."

ನಾನು ಪರದೆಯ ಕಡೆ ತಿರುಗಿಕೊಂಡೆ. ಮೊದಮೊದಲು ಏನಂದೆ ಎಂದು ಅವನು ಕೇಳುತ್ತಿದ್ದಾಗ "ಏನೂ ಇಲ್ಲ ಬುಡು ಮಾವ" ಎಂದು ಎದ್ದುಹೋದವರಲ್ಲಿ ನಾನೂ ಒಬ್ಬಳು. ಅವನು ಹಾಗೆ ಕೇಳುವುದನ್ನು ಯಾವಾಗ ನಿಲ್ಲಿಸಿದನೋ, ಅದೂ ನನಗೆ ಗೊತ್ತಾಗಿರಲಿಲ್ಲ.

ಕಿವಿಯ ಯಂತ್ರಕ್ಕೆ ಅಳತೆ ಕೊಟ್ಟು ಸಂಜೆಯ ರೈಲು ಹತ್ತಿದೆವು. ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಕಡಲೆಕಾಯಿ ಮಾರುವವರ ಕೂಗು ಬೇರೆ. ರಾಮನಗರ ದಾಟುವಾಗ ತಡೆಯಲಾರದೆ ಮಾವನ ಕಿವಿಯ ಹತ್ತಿರ ಬಾಯಿಟ್ಟು ಒಂದು ಮಾತು ಹೇಳಿದೆ. ಅವನು ಏನೋ ಉತ್ತರಿಸಲು ಬಾಯಿ ತೆರೆದ. ತೆರೆದವನು ಹಾಗೇ ಮುಚ್ಚಿಕೊಂಡು ಕಿಟಕಿ ನೋಡಿದ.

ಚನ್ನಪಟ್ಟಣದಲ್ಲಿ ಇಳಿದೆವು. ರೈಲು ಹೊರಟಿತು, ಜನ ಕರಗಿದರು, ಪ್ಲಾಟ್‌ಫಾರಂ ತಣ್ಣಗಾಯಿತು. ಮಾವ ನಿಂತ. ಪರೀಕ್ಷೆಗೆ ಕೂತ ಮಗುವಿನ ಹಾಗೆ ನನ್ನ ಮುಖ ನೋಡುತ್ತ, ಅಂಜುತ್ತಂಜುತ್ತಲೇ ಕೇಳಿದ:

"ರೈಲಲ್ಲಿ ಏನಂದೆ ಮಗಾ?"

ನಾನು ಅವನೆದುರಿಗೆ ಬಂದು ನಿಂತು, ಅದೇ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದೆ.

"ಎಷ್ಟು ಸಲ ಬೇಕಾದ್ರೂ ಕೇಳು ಮಾವ. ಹೇಳ್ತೀನಿ."