ಚಿ. ಸೌ. ಸೂಪರ್ ಹೀರೋಗಳು

ನಮ್ಮ ಸೋದರತ್ತೆಗೆ ತಲೆ ಕೆಟ್ಟಿದೆ ಎಂದು ಹೊಳೆನರಸೀಪುರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕೆಡಬೇಕಾದರೆ ಮೊದಲು ಸರಿ ಇರಬೇಕಲ್ಲವೇ!

ಡ್ರಾಯಿಂಗ್ ಟೀಚರಾಗಿ ರಿಟೈರಾದವಳು ಸುಮ್ಮನೆ ಕಾಫಿ ಕುಡಿದುಕೊಂಡು ಸೀರಿಯಲ್ ನೋಡಬಾರದೇ? ಇವಳು ಕಾಮಿಕ್ಸ್ ಬರೆಯಲು ಕೂತಳು. ಸೂಪರ್ ಹೀರೋಗಳೆಲ್ಲ ಅಮೆರಿಕದಲ್ಲೇ ಯಾಕೆ ಹಾರಾಡಬೇಕು, ನಮ್ಮೂರಿಗೆ ಆಕಾಶವಿಲ್ಲವೇ ಎಂಬುದು ಅವಳ ವಾದ. ಹೀರೋಗಳು ಇಬ್ಬರು ಕಾಲೇಜು ಹುಡುಗಿಯರು, ಸಿಂಚನಾ ಮತ್ತು ಭವ್ಯಾ. ಒಬ್ಬಳು ಹಾರುತ್ತಾಳೆ, ಇನ್ನೊಬ್ಬಳು ಹೇಮಾವತಿಯ ಪ್ರವಾಹವನ್ನು ಅಂಗೈಯಲ್ಲಿ ತಡೆಯುತ್ತಾಳೆ. ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ.

ಅದೆಲ್ಲ ಇರಲಿ. ಖಳನಾಯಕನಿಗೆ ನನ್ನ ಮುಖ ಯಾಕೆ? ನನ್ನ ಮೀಸೆ, ನನ್ನ ಬೊಕ್ಕತಲೆ! ಅವನ ಕೆಲಸ, ಕಂಡಕಂಡ ಹುಡುಗಿಯರನ್ನು ತಡೆದು ಮದುವೆ ಯಾವಾಗ ಎಂದು ಪೀಡಿಸುವುದು. ನಾನು ಕೇಳುವುದು ಪ್ರೀತಿಯಿಂದ ಕಣ್ರೀ.

ಇಷ್ಟಾದರೂ ಅಚ್ಚು ಹಾಕಿಸುವ ಕೆಲಸ ನನ್ನ ತಲೆಗೇ ಬಂತು. ಹಾಸನದಲ್ಲಿ ಪರಿಚಯದ ಪ್ರೆಸ್ಸು, ಲಗ್ನಪತ್ರಿಕೆಯಲ್ಲಿ ಪಳಗಿದ ಕೈ. ಪುಸ್ತಕ ಬಂದಾಗ ಕಟ್ಟು ಬಿಚ್ಚಿ ನೋಡಿದೆ. ರಕ್ಷಾಪುಟದ ನೆತ್ತಿಯ ಮೇಲೆ ಗಣಪತಿ. ಕೆಳಗೆ ‘ಚಿ. ಸೌ. ಸಿಂಚನಾ, ಚಿ. ಸೌ. ಭವ್ಯಾ’. ಅದರ ಕೆಳಗೆ ‘ಆಶೀರ್ವಾದವೇ ಉಡುಗೊರೆ’. ಸಾಲದ್ದಕ್ಕೆ ಒಂದೊಂದು ಪುಸ್ತಕದ ನಾಲ್ಕೂ ಮೂಲೆಗೆ ಅರಿಶಿನ!

ಪ್ರೆಸ್ಸಿನವನನ್ನು ತರಾಟೆಗೆ ತೆಗೆದುಕೊಂಡೆ. ಅವನು ತಣ್ಣಗೆ, “ಎಲ್ಡು ಎಸ್ರು ಅಕ್ಕಪಕ್ಕ ಬಂದ್ರೆ ನಮ್ ಕೈ ಅಂಗೇ ಓಯ್ತದೆ ಸಾ” ಎಂದ.

ಅತ್ತೆಯ ಮನೆಗೆ ನನ್ನನ್ನು ಹುಡುಕಿಕೊಂಡು ಅರಕಲಗೂಡಿನ ನನ್ನ ಷಡ್ಡಕ ಬಂದಿದ್ದ. ಪುಸ್ತಕ ಎತ್ತಿಕೊಂಡು ಮದುವೆ ಯಾವ ಛತ್ರದಲ್ಲಿ ಎಂದು ಹುಡುಕಿದ. ವಿಷಯ ತಿಳಿದದ್ದೇ ತಡ, ನಿಮ್ಮ ಮನೆತನದ ಮಾನ ಹೋಯಿತು ಎಂದು ಅತ್ತೆಯ ಎದುರೇ ಕೂಗಾಡಿದ. ನನಗೆ ಮೈ ಉರಿದುಹೋಯಿತು. ನಮ್ಮತ್ತೆಯನ್ನು ಬೈಯುವ ಹಕ್ಕು ನನ್ನೊಬ್ಬನದು! ಅವನ ಕೈಯಿಂದ ಕಾಫಿ ಲೋಟ ಕಿತ್ತುಕೊಂಡು ಬಸ್‌ಸ್ಟ್ಯಾಂಡಿನ ದಾರಿ ತೋರಿಸಿದೆ.

ಅತ್ತೆ ನೋಡಿದರೆ ನನ್ನ ಮೇಲೇ ತಿರುಗಿಬಿದ್ದಳು. “ನನ್ ಮಕ್ಳನ್ನ ನಗೆಪಾಟ್ಲು ಮಾಡ್ಬುಟ್ರಲ್ಲೋ. ಒಂದೂ ಉಳೀಬಾರ್ದು. ಎಲ್ಲಾ ರದ್ದಿಗೆ ಹಾಕು.” ಕಣ್ಣು ನೋಯಿಸಿಕೊಂಡು ಬರೆದ ಪುಸ್ತಕ ರದ್ದಿಗೆ ಹೋಗುವುದನ್ನು ನೋಡಲಾರದೆ ಗೋಡೆಗೆ ಮುಖ ಮಾಡಿ ಕೂತಳು. ನಾನು ಪ್ರೆಸ್ಸಿನವನ ವಂಶವನ್ನೆಲ್ಲ ಶಪಿಸುತ್ತ ಕಟ್ಟು ಕಟ್ಟಿದೆ.

ಆಗ ಅತ್ತೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಈಗ ಡಿಗ್ರಿ ಮೊದಲ ವರ್ಷ. ಅವಳ ಗೆಳತಿ ಒಳಗೆ ಬರಲು ಅಂಜಿ ಗೇಟಿನ ಹತ್ತಿರವೇ ನಿಂತಿದ್ದಳು. ಹುಡುಗಿ ಪುಸ್ತಕ ಕೈಗೆತ್ತಿಕೊಂಡಳು. ಈಗ ನಗುತ್ತಾಳೆ ಎಂದು ನಾನು ಹಲ್ಲು ಕಚ್ಚಿಕೊಂಡೆ. ಅವಳು ನಗಲಿಲ್ಲ. ಎರಡೂ ಹೆಸರುಗಳ ಮೇಲೆ ಬೆರಳಾಡಿಸಿ, ಒಮ್ಮೆ ಗೇಟಿನ ಕಡೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು: “ಮಿಸ್, ನಮ್ಮಿಬ್ರ ಹೆಸ್ರೂ ಹಿಂಗೆ ಯಾರಾದ್ರೂ ಹಾಕುಸ್ತಾರಾ?”

ಅತ್ತೆ ಎದ್ದು ಬಂದು ಅವಳ ತಲೆ ಸವರಿದಳು. “ನಾನ್ ಹಾಕುಸ್ತೀನಿ ಕಣವ್ವ. ಅವಳ್ನೂ ಒಳಕ್ಕೆ ಕರಿ.”

ನಾನು ಕಟ್ಟು ಬಿಚ್ಚಲು ಕೂತೆ. ಕಣ್ಣು ತುಂಬಿ ಗಂಟೇ ಕಾಣಲಿಲ್ಲ.